ನಮ್ಮ ಸರ್ಕಾರಿ ಶಾಲೆಯ ಎಸ್‌ಡಿಎಂಸಿ: ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ನಮ್ಮ ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ ಸದಸ್ಯೆ. ಮಗಳು ಆರನೇ ಕ್ಲಾಸು, ಮಗ ಮೂರನೇ ಕ್ಲಾಸು. ಸಂತೆಯಲ್ಲಿ, ನ್ಯಾಯಬೆಲೆ ಅಂಗಡಿ ಮುಂದೆ, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ ಪೋಷಕರೆಲ್ಲ ಕೇಳುವುದು ಹೆಚ್ಚುಕಮ್ಮಿ ಇದೇ ಪ್ರಶ್ನೆಗಳನ್ನು. ಪ್ರತಿ ಸಲ ಅರ್ಧ ಉತ್ತರ ಹೇಳಿ ಓಡುವ ಬದಲು ಒಂದೇ ಕಡೆ ಬರೆದಿಡೋಣ ಅನ್ನಿಸಿತು.

ಎಸ್‌ಡಿಎಂಸಿ ಅಂದರೆ ಏನು?

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಡಾ. ರಾಜಾ ರಾಮಣ್ಣ ಅವರ ನೇತೃತ್ವದ ಶಿಕ್ಷಣ ಕಾರ್ಯಪಡೆ ಕೊಟ್ಟ ಸಲಹೆಯಂತೆ 2001ರಲ್ಲಿ ಕರ್ನಾಟಕ ಸರ್ಕಾರ ಈ ಸಮಿತಿಗಳನ್ನು ಶುರು ಮಾಡಿತು. ಆಮೇಲೆ ಕೇಂದ್ರದ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಇಂಥ ಸಮಿತಿ ಇರಲೇಬೇಕು ಅಂತ ಆ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ಅಂದರೆ ಇದು ಯಾರೋ ದಯೆಯಿಂದ ಕರೆದು ಕೂರಿಸಿದ ಸಮಿತಿ ಅಲ್ಲ. ಪೋಷಕರಿಗೆ ಕಾನೂನು ಕೊಟ್ಟಿರುವ ಜಾಗ.

ಅದರಲ್ಲಿ ಯಾರ್‍ಯಾರು ಇರುತ್ತಾರೆ? ಊರಿನ ದೊಡ್ಡವರೇ ಅಲ್ವಾ?

ಅಲ್ಲ. ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಆ ಶಾಲೆಯಲ್ಲಿ ಓದುವ ಮಕ್ಕಳ ಅಪ್ಪ, ಅಮ್ಮ ಅಥವಾ ಪೋಷಕರೇ ಆಗಿರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರು ಇರಬೇಕು. ಪರಿಶಿಷ್ಟ ಜಾತಿ, ಪಂಗಡ ಮತ್ತು ಬಡ ಕುಟುಂಬದ ಪೋಷಕರಿಗೆ ಅವರ ಮಕ್ಕಳ ಸಂಖ್ಯೆಗೆ ತಕ್ಕಷ್ಟು ಜಾಗ ಸಿಗಬೇಕು. ನಮ್ಮಲ್ಲಿ ಪೋಷಕರಿಂದ ಆಯ್ಕೆಯಾದವರು 18 ಜನ. ಹೆಡ್ ಮೇಷ್ಟ್ರು ಸಮಿತಿಯ ಕಾರ್ಯದರ್ಶಿ. ಅವರೇ ಅಧ್ಯಕ್ಷರಲ್ಲ. ಅಧ್ಯಕ್ಷರು ಪೋಷಕರೇ ಆಗಿರಬೇಕು.

ಮಗು ಶಾಲೆ ಬಿಟ್ಟರೆ ಸದಸ್ಯತ್ವವೂ ಮುಗಿಯುತ್ತದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಮಗನನ್ನು ಖಾಸಗಿ ಶಾಲೆಗೆ ಸೇರಿಸಿದವರು ಸರ್ಕಾರಿ ಶಾಲೆಯ ಸಮಿತಿಯಲ್ಲಿ ಮುಂದುವರಿಯುವ ಹಾಗಿಲ್ಲ.

ಆಯ್ಕೆ ಹೇಗೆ? ಮೂವತ್ತು ಜನ ಸೇರಿ ಮುಗಿಸಿಬಿಟ್ಟರಂತೆ?

ಎಲ್ಲ ಪೋಷಕರನ್ನೂ ಮೊದಲೇ ತಿಳಿಸಿ ಸಭೆಗೆ ಕರೆಯಬೇಕು. ಒಮ್ಮತ ಆದರೆ ಸರಿ, ಆಗದಿದ್ದರೆ ಚುನಾವಣೆ. ನಮ್ಮಲ್ಲಿ ಮೂರು ವರ್ಷಕ್ಕೊಮ್ಮೆ ಹೊಸ ಸಮಿತಿ ಆಗುತ್ತದೆ. ಹಿಂದಿನ ಸಲ ನೋಟಿಸು ಮಕ್ಕಳ ಡೈರಿಯಲ್ಲಿ ಬಂದಿತ್ತು, ಅರ್ಧ ಮನೆಗಳಲ್ಲಿ ಅದನ್ನು ಯಾರೂ ಓದಲಿಲ್ಲ. ಕೆಲಸಕ್ಕೆ ಹೋದವರಿಗೆ ಗೊತ್ತಾಗುವಷ್ಟರಲ್ಲಿ ಪಟ್ಟಿ ಆಗಿಹೋಗಿತ್ತು. ಈಗ ನಾವು ಓಣಿ ಓಣಿಗೆ ಹೋಗಿ ಹೇಳುತ್ತೇವೆ. ನಿಮ್ಮನ್ನು ಕರೆಯದೆ ಆಯ್ಕೆ ಮಾಡಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರೆದು ಕೊಡಿ. ಕೂಗಾಡುವುದಕ್ಕಿಂತ ಒಂದು ಹಾಳೆ ಅರ್ಜಿ ಮೇಲು.

ಸಮಿತಿಗೆ ನಿಜವಾಗಿ ಅಧಿಕಾರ ಇದೆಯಾ? ಸುಮ್ನೆ ಸಹಿ ಹಾಕೋಕೆ ಕರೀತಾರೆ ಅಷ್ಟೇ ಅಂತಾರೆ.

ಕಾಯ್ದೆಯಲ್ಲಿ ಮೂರು ಕೆಲಸ ಸ್ಪಷ್ಟವಾಗಿದೆ. ಶಾಲೆ ಹೇಗೆ ನಡೆಯುತ್ತಿದೆ ಅಂತ ನೋಡುವುದು. ಶಾಲಾಭಿವೃದ್ಧಿ ಯೋಜನೆ ತಯಾರಿಸುವುದು. ಸರ್ಕಾರದಿಂದಲೋ ಬೇರೆ ಕಡೆಯಿಂದಲೋ ಬಂದ ದುಡ್ಡು ಎಲ್ಲಿ ಖರ್ಚಾಯಿತು ಅಂತ ನೋಡುವುದು.

ಸಹಿಯ ಮಾತು ಬಂತಲ್ಲ, ಅದನ್ನೇ ಸ್ವಲ್ಪ ಹೇಳುತ್ತೇನೆ. ಸಮಿತಿಗೆ ಬಂದ ಮೊದಲ ತಿಂಗಳು ನನ್ನ ಮುಂದೆ ನಡಾವಳಿ ಪುಸ್ತಕ, ಅಂದರೆ ಸಭೆಯಲ್ಲಿ ಆದದ್ದನ್ನು ಬರೆದಿಡುವ ಪುಸ್ತಕ ಇಟ್ಟರು. ಮೇಲೆ ತಾರೀಕು ಬರೆದಿತ್ತು, ಕೆಳಗೆ ನಮ್ಮ ಹೆಸರಿತ್ತು, ನಡುವೆ ಪೂರ್ತಿ ಖಾಲಿ. "ಆಮೇಲೆ ಬರ್ಕೋತೀವಿ ಅಕ್ಕಾ, ನೀವು ಸಹಿ ಹಾಕಿ" ಅಂದರು. ನಾನು ಹಾಕಿದೆ. ಅವತ್ತು ಹಾಗೆ ಮಾಡಬಾರದಿತ್ತು. ಆ ಖಾಲಿ ಜಾಗದಲ್ಲಿ ಏನು ಬೇಕಾದರೂ ಬರೆಯಬಹುದು, ಮತ್ತು ಅದಕ್ಕೆಲ್ಲ ನಾನು ಒಪ್ಪಿದ ಹಾಗೆ. ಮುಂದಿನ ಸಭೆಯಿಂದ ನಾವು ಒಂದು ಪದ್ಧತಿ ಮಾಡಿಕೊಂಡೆವು. ಮಾತಾಡಿದ್ದನ್ನು ಅಲ್ಲೇ ಬರೆಯಬೇಕು, ಒಬ್ಬರು ಗಟ್ಟಿಯಾಗಿ ಓದಬೇಕು, ಕೊನೆಯ ಸಾಲಿನ ಕೆಳಗೆ ಗೆರೆ ಎಳೆಯಬೇಕು, ಆಮೇಲೆ ಸಹಿ. ಹೆಡ್ ಮೇಷ್ಟ್ರಿಗೂ ಇದರಿಂದ ಒಳ್ಳೆಯದೇ ಆಯಿತು. ನಾಳೆ ಯಾರಾದರೂ ಪ್ರಶ್ನೆ ಕೇಳಿದರೆ ಅವರ ಕೈಯಲ್ಲಿ ದಾಖಲೆ ಇರುತ್ತದೆ.

ಪುರಸಭೆ ಇರಲಿ, ಬಿಇಒ ಕಚೇರಿ ಇರಲಿ, ಬಾಯಲ್ಲಿ ಕೇಳಿದ್ದು ಅಲ್ಲೇ ಉಳಿಯುತ್ತದೆ. ನಡಾವಳಿಯ ನಕಲು ಲಗತ್ತಿಸಿ, ಅರ್ಜಿ ಕೊಟ್ಟು, ಸ್ವೀಕೃತಿ ಸೀಲು ಹಾಕಿಸಿಕೊಂಡರೆ ಅದು ಒಂದು ಫೈಲ್ ಆಗುತ್ತದೆ. ಮೂರು ವರ್ಷದಲ್ಲಿ ನಾನು ಕಲಿತ ಮುಖ್ಯ ಪಾಠ ಇದೇ. ಮುಂದಿನ ಉತ್ತರಗಳಲ್ಲೂ ಈ ಪುಸ್ತಕದ ಮಾತು ಮತ್ತೆ ಮತ್ತೆ ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಶಾಲೆಗೆ ಎಷ್ಟು ದುಡ್ಡು ಬರುತ್ತದೆ?

ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲಾ ಅನುದಾನ ಅಂತ ಇದೆ. ಅದು ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ. 31ರಿಂದ 100 ಮಕ್ಕಳಿದ್ದರೆ ವರ್ಷಕ್ಕೆ 25,000 ರೂಪಾಯಿ, 101ರಿಂದ 250 ಇದ್ದರೆ 50,000 ರೂಪಾಯಿ. ನಮ್ಮಲ್ಲಿ 142 ಮಕ್ಕಳು. 50,000 ಅಂದರೆ ಜಾಸ್ತಿ ಅನ್ನಿಸಬಹುದು. ಭಾಗಿಸಿ ನೋಡಿ, ಒಂದು ಮಗುವಿಗೆ ವರ್ಷಕ್ಕೆ ಸುಮಾರು 350 ರೂಪಾಯಿ. ಚಾಕ್‌ಪೀಸು, ಪೊರಕೆ, ಫಿನಾಯಿಲ್, ಕೆಟ್ಟ ನಲ್ಲಿ, ಒಡೆದ ಹೆಂಚು ಎಲ್ಲ ಇದರಲ್ಲೇ ಆಗಬೇಕು. ಕನಿಷ್ಠ ಹತ್ತರಲ್ಲಿ ಒಂದು ಪಾಲು ಸ್ವಚ್ಛತೆಗೆ ಖರ್ಚು ಮಾಡಬೇಕು ಅನ್ನುವ ನಿಯಮವೂ ಇದೆ.

ಬಂದದ್ದು ಎಷ್ಟು, ಖರ್ಚು ಎಷ್ಟು ಅಂತ ಕೇಳುವುದು ಅನುಮಾನ ಪಟ್ಟ ಹಾಗಲ್ಲ. ನಾವು ಈಗ ಲೆಕ್ಕವನ್ನು ಆಫೀಸು ರೂಮಿನ ಹೊರಗೆ ಗೋಡೆಗೆ ಅಂಟಿಸುತ್ತೇವೆ. ಅಂಟಿಸಿದ ಮೇಲೆ ಪಿಸುಮಾತು ಕಡಿಮೆಯಾಯಿತು.

ಕರೆಂಟು ಮತ್ತು ನೀರಿನ ಬಿಲ್ಲಿನ ವಿಷಯ: ಸರ್ಕಾರಿ ಶಾಲೆ, ಕಾಲೇಜುಗಳಿಗೆ ಎರಡೂ ಉಚಿತ ಅಂತ 2023ರ ನವೆಂಬರ್ 1ರಂದು ಮುಖ್ಯಮಂತ್ರಿ ಘೋಷಿಸಿದರು. ಇನ್ನೂ ನಿಮ್ಮ ಶಾಲೆಯ ಹೆಸರಲ್ಲಿ ಬಿಲ್ಲು ಬಾಕಿ ತೋರಿಸುತ್ತಿದ್ದರೆ ಅದನ್ನು ಸಭೆಯಲ್ಲಿ ಎತ್ತಿ.

ಶಾಲೆಯವರು ದುಡ್ಡು ಕೇಳಿದರೆ ಕೊಡಲೇಬೇಕಾ?

ಬೇಡ. ಎಂಟನೇ ಕ್ಲಾಸಿನವರೆಗೆ ಶಿಕ್ಷಣ ಉಚಿತ. ಸೇರಿಸಿಕೊಳ್ಳಲು ವಂತಿಗೆ ಕೇಳುವುದಂತೂ ಕಾಯ್ದೆ ಪ್ರಕಾರ ತಪ್ಪು. 2022ರ ಅಕ್ಟೋಬರ್‌ನಲ್ಲಿ ಏನಾಯಿತು ಅಂತ ನೆನಪಿರಬಹುದು. ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಅಂತ ಇಲಾಖೆ ಸುತ್ತೋಲೆ ಹೊರಡಿಸಿತು. ರಾಜ್ಯದ ತುಂಬ ವಿರೋಧ ಬಂದು ಕೆಲವೇ ದಿನಗಳಲ್ಲಿ ವಾಪಸ್ ತೆಗೆದುಕೊಂಡರು. ಅವತ್ತು ಸ್ವಇಚ್ಛೆ ಅಂತಲೇ ಬರೆದಿತ್ತು. ಆದರೆ ಮೇಷ್ಟ್ರು ಕ್ಲಾಸಿನಲ್ಲಿ ನಿಂತು ಕೇಳಿದಾಗ ಯಾವ ಮಗುವಿಗೆ ಅದು ಸ್ವಇಚ್ಛೆ ಅನ್ನಿಸುತ್ತದೆ?

ಊರಿನವರು, ಹಳೇ ವಿದ್ಯಾರ್ಥಿಗಳು ಮನಸಾರೆ ಕೊಟ್ಟರೆ ತೆಗೆದುಕೊಳ್ಳಬಹುದು. ರಶೀದಿ ಕೊಡಿ. ದುಡ್ಡಿಗಿಂತ ವಸ್ತುವಾಗಿ ಕೊಟ್ಟರೆ ಇನ್ನೂ ಒಳ್ಳೆಯದು. ನಮ್ಮ ಶಾಲೆಯ ಎರಡು ಫ್ಯಾನು ಹಾಗೇ ಬಂದವು.

ಶೂ ಖರೀದಿ ಸಮಿತಿಯೇ ಮಾಡುತ್ತದಂತೆ, ಹೌದಾ?

ಹೌದು. ಶೂ, ಸಾಕ್ಸ್ ಶಾಲಾ ಹಂತದಲ್ಲೇ, ಸಮಿತಿ ಮುಂದೆ ನಿಂತು ಕೊಳ್ಳಬೇಕು. 2022–23ರಲ್ಲಿ ಒಂದು ಜೊತೆ ಶೂ, ಎರಡು ಜೊತೆ ಸಾಕ್ಸ್‌ಗೆ ಸರ್ಕಾರ ಕೊಟ್ಟ ದರ 1ರಿಂದ 5ನೇ ಕ್ಲಾಸಿಗೆ 265 ರೂಪಾಯಿ, 6ರಿಂದ 8ಕ್ಕೆ 295, 9–10ಕ್ಕೆ 325. ಈ ದರದಲ್ಲಿ ಒಳ್ಳೆಯ ಶೂ ಹುಡುಕುವುದು ಕಷ್ಟವೇ. ಅದಕ್ಕೇ ಮೂರು ಅಂಗಡಿಯ ಕೊಟೇಶನ್ ತರಿಸಿ, ಒಂದೊಂದು ಶೂ ಕೈಯಲ್ಲಿ ಹಿಡಿದು ಅಡಿ ಬಗ್ಗಿಸಿ ನೋಡಿ ಆರಿಸಿದೆವು. ಅಳತೆಗೆ ಹಳೇ ಪೇಪರ್ ಹಾಸಿ ಮಕ್ಕಳನ್ನು ಒಬ್ಬೊಬ್ಬರಾಗಿ ನಿಲ್ಲಿಸಿ ಪೆನ್ಸಿಲ್‌ನಲ್ಲಿ ಪಾದದ ಸುತ್ತ ಗೆರೆ ಎಳೆದೆವು. ಅದರ ಹಿಂದಿನ ವರ್ಷ ಕ್ಲಾಸಿಗೆ ಒಂದೇ ಸೈಜು ಅಂತ ಅಂದಾಜಿನಲ್ಲಿ ತರಿಸಿದ್ದರು. ಒಂದನೇ ಕ್ಲಾಸಿನ ಪುಟ್ಟ ಹುಡುಗನೊಬ್ಬ ಮುಂದೆ ಬಟ್ಟೆ ತುರುಕಿಕೊಂಡು ವರ್ಷಪೂರ್ತಿ ಕಾಲು ಎಳೆದುಕೊಂಡು ನಡೆದ.

ಬಿಸಿಯೂಟ ಸರಿ ಇಲ್ಲ ಅಂದರೆ ಯಾರಿಗೆ ಹೇಳಬೇಕು?

ಮೊದಲು ಬಂದು ಊಟ ನೋಡಿ. ಮಕ್ಕಳಿಗೆ ಬಡಿಸುವ ಮುಂಚೆ ಶಿಕ್ಷಕರು ಮತ್ತು ದೊಡ್ಡವರು ರುಚಿ ನೋಡಿ ಪುಸ್ತಕದಲ್ಲಿ ಬರೆಯಬೇಕು. ಆ ದೊಡ್ಡವರು ನೀವೇ ಯಾಕಾಗಬಾರದು? ಲೆಕ್ಕವೂ ತಿಳಿದಿರಲಿ. 1ರಿಂದ 5ನೇ ಕ್ಲಾಸಿನ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ ಅಥವಾ ಗೋಧಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. 6ರಿಂದ 8ನೇ ಕ್ಲಾಸಿಗೆ 150 ಗ್ರಾಂ, 30 ಗ್ರಾಂ, 75 ಗ್ರಾಂ. ನೂರು ಮಕ್ಕಳು ಉಂಡ ದಿನ ಸಾರಿನಲ್ಲಿ ಕನಿಷ್ಠ ಎರಡು ಕೆಜಿ ಬೇಳೆ ಇರಬೇಕು. ಸೌಟು ಅಲ್ಲಾಡಿಸಿದರೆ ಗೊತ್ತಾಗುತ್ತದೆ.

ಹಾಲು 2013ರಿಂದ ಕ್ಷೀರಭಾಗ್ಯದಲ್ಲಿ ಬರುತ್ತಿದೆ. ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ 2024ರ ಸೆಪ್ಟೆಂಬರ್‌ನಲ್ಲಿ ಮೊಟ್ಟೆ ವಾರಕ್ಕೆ ಆರು ದಿನ ಆಯಿತು. ತಿನ್ನದವರಿಗೆ ಬಾಳೆಹಣ್ಣು. ಮೊಟ್ಟೆ ತಿನ್ನುವ ಮಕ್ಕಳನ್ನು ಬೇರೆ ಸಾಲಿನಲ್ಲಿ ಕೂರಿಸುವುದು, ಅಡುಗೆಯವರ ಜಾತಿ ನೋಡಿ ಊಟ ಬೇಡ ಅನ್ನಿಸುವುದು, ಇವನ್ನು ನಮ್ಮ ಸಮಿತಿ ಒಪ್ಪುವುದಿಲ್ಲ. ಮಕ್ಕಳು ಒಟ್ಟಿಗೆ ಕೂತು ಉಣ್ಣಬೇಕು. ಇದರಲ್ಲಿ ಚೌಕಾಸಿ ಇಲ್ಲ.

ಅಡುಗೆಯವರನ್ನು ಬೈಯುವ ಮುಂಚೆ ಸ್ಟೋರ್ ರೂಮ್ ನೋಡಿ. ಹುಳ ಬಿದ್ದ ಅಕ್ಕಿ ಕೊಟ್ಟು ಒಳ್ಳೆಯ ಅನ್ನ ಮಾಡಿ ಅಂದರೆ ಅವರೇನು ಮಾಡುತ್ತಾರೆ? ಅಂಥ ಮೂಟೆಯನ್ನು ಒಳಗೆ ಇಳಿಸಿಕೊಳ್ಳದೆ ವಾಪಸ್ ಕಳಿಸಿ, ಕಳಿಸಿದ್ದನ್ನು ಬರೆದಿಡಬೇಕು. ತಾಲ್ಲೂಕಿನಲ್ಲಿ ಅಕ್ಷರ ದಾಸೋಹದ (ಬಿಸಿಯೂಟ ಯೋಜನೆಯ) ಸಹಾಯಕ ನಿರ್ದೇಶಕರು ಇರುತ್ತಾರೆ, ದೂರು ಅವರಿಗೆ.

ಹೆಣ್ಣುಮಕ್ಕಳ ಶೌಚಾಲಯದ ಕಥೆ ಏನಾಯಿತು?

ನಾನು ಸಮಿತಿಗೆ ಬಂದದ್ದೇ ಇದಕ್ಕೆ. ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಅವಳ ಬ್ಯಾಗಿನಿಂದ ನೀರಿನ ಬಾಟಲಿ ತೆಗೆದೆ. ಬೆಳಿಗ್ಗೆ ತುಂಬಿಸಿ ಕೊಟ್ಟಷ್ಟೂ ನೀರು ಹಾಗೇ ಇತ್ತು. ಬೇಸಿಗೆ ಬೇರೆ. ಯಾಕೆ ಕುಡೀಲಿಲ್ಲ ಅಂದೆ. "ಕುಡಿದ್ರೆ ಒಂದಕ್ಕೆ ಹೋಗ್ಬೇಕಲ್ಲಮ್ಮಾ, ಬಾಗಿಲಿಗೆ ಚಿಲಕ ಇಲ್ಲ" ಅಂದಳು. ಮಾರನೇ ದಿನ ಹೋಗಿ ನೋಡಿದೆ. ಕಟ್ಟಡ ಚೆನ್ನಾಗಿತ್ತು, ಟೈಲ್ಸ್ ಕೂಡ ಇತ್ತು. ಕಾಗದದಲ್ಲಿ "ಶೌಚಾಲಯ ಇದೆ" ಅಂತಲೇ ಇತ್ತು. ಆದರೆ ಚಿಲಕ ಇಲ್ಲ, ನಲ್ಲಿಯಲ್ಲಿ ನೀರಿಲ್ಲ, ಒಂದು ಬಾಗಿಲ ಕೆಳಗಿನ ಅಂಚು ಕೊಳೆತು ಗೇಣುದ್ದ ಕಿಂಡಿ ಬಿದ್ದಿತ್ತು.

ಚಿಲಕಗಳನ್ನು ಅದೇ ವಾರ ಹಾಕಿಸಿದೆವು. ನೀರಿಗೆ ಎಂಟು ತಿಂಗಳು ಹಿಡಿಯಿತು. ಟ್ಯಾಂಕಿನಿಂದ ಅಲ್ಲಿಗೆ ಪೈಪೇ ಇರಲಿಲ್ಲ. ಪುರಸಭೆಗೆ ಮೂರು ಅರ್ಜಿ ಕೊಟ್ಟು, ವಾರ್ಡ್ ಸದಸ್ಯರನ್ನು ಕರೆತಂದು ಆ ಬಾಗಿಲ ಮುಂದೆ ನಿಲ್ಲಿಸಿದ ಮೇಲೆ ಪೈಪ್ ಬಂತು. ಈಗ ಬಕೆಟ್ಟು, ಮಗ್ಗು, ಮುಚ್ಚಳ ಇರುವ ಕಸದ ಬುಟ್ಟಿ ಇದೆ. ಪ್ರತಿ ಸೋಮವಾರ ಒಬ್ಬ ತಾಯಿ ಹೋಗಿ ನೋಡಿ ಬರುತ್ತಾರೆ.

ತೊಳೆಯುವವರು ಯಾರು ಅನ್ನುವುದು ಇನ್ನೂ ದೊಡ್ಡ ತಲೆನೋವು. ಪ್ರಾಥಮಿಕ ಶಾಲೆಗಳಲ್ಲಿ ಅದಕ್ಕೆಂದೇ ಸಿಬ್ಬಂದಿ ಇಲ್ಲ. ನಾವು ಅನುದಾನದ ಸ್ವಚ್ಛತೆ ಪಾಲಿನಿಂದ ಒಬ್ಬರಿಗೆ ಕೂಲಿ ಕೊಡುತ್ತೇವೆ, ಸಾಲದ್ದನ್ನು ಸದಸ್ಯರು ಹಾಕುತ್ತೇವೆ. ಮಕ್ಕಳ ಕೈಯಲ್ಲಿ ಮಾತ್ರ ತೊಳೆಸಬಾರದು. ಎಲ್ಲಾದರೂ ಮಕ್ಕಳಿಂದ, ಅದರಲ್ಲೂ ಒಂದೇ ಜಾತಿಯ ಮಕ್ಕಳಿಂದ ತೊಳೆಸುವುದು ಕಂಡರೆ ಅವತ್ತೇ ದೂರು ಕೊಡಿ.

ಮೇಷ್ಟ್ರು ಸಾಲದು. ಸಮಿತಿ ಏನು ಮಾಡಬಹುದು?

ಕಾಯಂ ಶಿಕ್ಷಕರನ್ನು ನೇಮಿಸುವುದಾಗಲಿ ವರ್ಗ ಮಾಡುವುದಾಗಲಿ ನಮ್ಮ ಕೈಯಲ್ಲಿಲ್ಲ. ಆದರೆ ಎಷ್ಟು ಜನ ಇರಬೇಕು ಅನ್ನುವುದು ಕಾಯ್ದೆಯಲ್ಲೇ ಇದೆ. 1ರಿಂದ 5ನೇ ಕ್ಲಾಸಿಗೆ 60 ಮಕ್ಕಳವರೆಗೆ 2 ಶಿಕ್ಷಕರು, 61ರಿಂದ 90ಕ್ಕೆ 3, 91ರಿಂದ 120ಕ್ಕೆ 4, 121ರಿಂದ 200ಕ್ಕೆ 5. ಮಕ್ಕಳು 150 ದಾಟಿದರೆ ಬೇರೆಯಾಗಿ ಹೆಡ್ ಮೇಷ್ಟ್ರು. 6ರಿಂದ 8ಕ್ಕೆ 35 ಮಕ್ಕಳಿಗೆ ಒಬ್ಬರು, ಜೊತೆಗೆ ವಿಜ್ಞಾನ–ಗಣಿತ, ಸಮಾಜ, ಭಾಷೆ ಪ್ರತಿಯೊಂದಕ್ಕೂ ಕನಿಷ್ಠ ಒಬ್ಬರು.

ಇಲ್ಲಿ ಒಂದು ಸೂಕ್ಷ್ಮ ಇದೆ. ದಾಖಲಾತಿ ಕಡಿಮೆಯಾದರೆ ಇರುವ ಮೇಷ್ಟ್ರು "ಹೆಚ್ಚುವರಿ" ಪಟ್ಟಿಗೆ ಸೇರಿ ಬೇರೆ ಶಾಲೆಗೆ ಹೋಗುತ್ತಾರೆ. ಮೇಷ್ಟ್ರು ಹೋದರು ಅಂತ ಇನ್ನಷ್ಟು ಪೋಷಕರು ಮಕ್ಕಳನ್ನು ಬಿಡಿಸುತ್ತಾರೆ. ಹೀಗೇ ಸುತ್ತು ಹೊಡೆಯುತ್ತಾ ಶಾಲೆ ಖಾಲಿಯಾಗುತ್ತದೆ. ಆದ್ದರಿಂದ ಏಪ್ರಿಲ್, ಮೇ ತಿಂಗಳಲ್ಲಿ ನಾವು ಮನೆ ಮನೆಗೆ ಹೋಗಿ ಮಕ್ಕಳನ್ನು ಕರೆಯುವುದು ಬರೀ ಪ್ರಚಾರ ಅಲ್ಲ. ಇರುವ ಮೇಷ್ಟ್ರನ್ನು ಉಳಿಸಿಕೊಳ್ಳುವ ಕೆಲಸ ಅದು. ಹುದ್ದೆ ಖಾಲಿ ಇದ್ದರೆ ಜೂನ್‌ನಲ್ಲೇ ಅತಿಥಿ ಶಿಕ್ಷಕರಿಗೆ ಬರೆದು ಕೇಳಿ.

ಮೇಷ್ಟ್ರು ಯಾವಾಗಲೂ ಬೇರೆ ಡ್ಯೂಟಿ ಮೇಲೆ ಹೋಗ್ತಾರೆ, ಇದು ಸರೀನಾ?

ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ. ಇವು ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಾಕಬಾರದು ಅಂತ ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತದೆ. ಆದರೂ 2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಮುಂದುವರಿಸಿದ್ದನ್ನು ನೋಡಿದ್ದೇವೆ. ಸಮೀಕ್ಷೆ ಬೇಡ ಅಂತ ನಾನು ಹೇಳುತ್ತಿಲ್ಲ. ಹೋದ ಪಾಠದ ದಿನಗಳನ್ನು ಮಕ್ಕಳಿಗೆ ತಿರುಗಿ ಕೊಡಬೇಕು. ವರ್ಷಕ್ಕೆ 1ರಿಂದ 5ಕ್ಕೆ 200 ದಿನ, 6ರಿಂದ 8ಕ್ಕೆ 220 ದಿನ ಪಾಠ ನಡೆಯಬೇಕು. ನಾವು ಕ್ಯಾಲೆಂಡರ್ ಮೇಲೆ ಗುರುತು ಹಾಕಿ ಎಣಿಸುತ್ತೇವೆ.

ಒಂದು, ಎರಡು, ಮೂರನೇ ಕ್ಲಾಸು ಒಟ್ಟಿಗೆ ಕೂರಿಸಿದ್ದಾರೆ. ಮೇಷ್ಟ್ರು ಇಲ್ಲ ಅಂತಾನಾ?

ಅದು ನಲಿ–ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ಆಮೇಲೆ ರಾಜ್ಯದ ತುಂಬ ಬಂತು. ಮಗು ತನ್ನ ವೇಗದಲ್ಲಿ ಒಂದೊಂದು ಮೆಟ್ಟಿಲು ಹತ್ತುತ್ತಾ ಕಾರ್ಡುಗಳಿಂದ ಕಲಿಯುತ್ತದೆ. ಒಳ್ಳೆಯ ಶಿಕ್ಷಕಿ ಇದ್ದರೆ ಇದು ಚೆನ್ನಾಗಿ ನಡೆಯುತ್ತದೆ. ನನ್ನ ಮಗ ಹೀಗೇ ಓದಲು ಕಲಿತ. ಕಾರ್ಡು ಹರಿದು ಹೋಗಿದ್ದರೆ, ಒಬ್ಬರೇ ಐವತ್ತು ಮಕ್ಕಳನ್ನು ನೋಡುತ್ತಿದ್ದರೆ ನಡೆಯುವುದಿಲ್ಲ. ಆದ್ದರಿಂದ ಪದ್ಧತಿಯನ್ನು ಬೈಯುವ ಮುಂಚೆ ಕಾರ್ಡು ಎಣಿಸಿ, ಮಕ್ಕಳನ್ನು ಎಣಿಸಿ.

ಇಂಗ್ಲಿಷ್ ಮೀಡಿಯಂ ಶುರು ಮಾಡಿಸಿ ಅಂತ ಎಲ್ಲರೂ ಕೇಳ್ತಾರೆ.

2019–20ರಲ್ಲಿ ಸರ್ಕಾರ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ಸಮಿತಿ ತೀರ್ಮಾನ ಮಾಡಿ ಕೇಳಬಹುದು, ಅನುಮತಿ ಇಲಾಖೆಯದು. ನನ್ನ ಅಭಿಪ್ರಾಯ ಕೇಳಿದರೆ, ಬೋರ್ಡ್ ಬದಲಾಯಿಸುವ ಮುಂಚೆ ಇಂಗ್ಲಿಷ್ ಚೆನ್ನಾಗಿ ಕಲಿಸುವ ಒಬ್ಬ ಶಿಕ್ಷಕರು ಬೇಕು. ಕನ್ನಡದಲ್ಲಿ ಓದಿ ಅರ್ಥ ಮಾಡಿಕೊಳ್ಳುವ ಮಗು ಇಂಗ್ಲಿಷನ್ನೂ ಬೇಗ ಹಿಡಿಯುತ್ತದೆ. ಸಮಿತಿಯಲ್ಲಿ ಇದನ್ನು ಒಪ್ಪದವರೂ ಇದ್ದಾರೆ, ಚರ್ಚೆ ನಡೆಯುತ್ತಿದೆ.

ನಮ್ಮ ಶಾಲೆಯನ್ನು ಮುಚ್ಚಿ ದೊಡ್ಡ ಶಾಲೆಗೆ ಸೇರಿಸುತ್ತಾರಾ?

ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಇರುವ ಕರ್ನಾಟಕ ಪಬ್ಲಿಕ್ ಶಾಲೆಗಳು ಬಂದ ಮೇಲೆ ಈ ಭಯ ಎಲ್ಲ ಕಡೆ ಇದೆ. ಆ ಶಾಲೆಗಳಲ್ಲಿ ಸೌಕರ್ಯ ಚೆನ್ನಾಗಿರುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆರು ವರ್ಷದ ಮಗು ಹೆದ್ದಾರಿ ದಾಟಿ ಹೋಗಬೇಕು ಅಂದರೆ ಕೆಲವು ಮನೆಗಳಲ್ಲಿ ಮೊದಲು ಶಾಲೆ ಬಿಡುವವಳು ಹೆಣ್ಣುಮಗಳು. 1ರಿಂದ 5ನೇ ಕ್ಲಾಸಿನ ಶಾಲೆ 1 ಕಿಲೋಮೀಟರ್ ಒಳಗೆ, 6ರಿಂದ 8ರದ್ದು 3 ಕಿಲೋಮೀಟರ್ ಒಳಗೆ ಇರಬೇಕು ಅನ್ನುವುದು ನಿಯಮ. ಇಂಥ ಮಾತು ಬಂದರೆ ಮಕ್ಕಳ ಸಂಖ್ಯೆ, ದಾರಿಯ ದೂರ, ದಾಟಬೇಕಾದ ರಸ್ತೆ, ಹಳ್ಳ ಎಲ್ಲವನ್ನೂ ನಡಾವಳಿಯಲ್ಲಿ ಬರೆದು ಕಳಿಸಿ.

ಶಾಲೆಯ ಜಾಗ ಒತ್ತುವರಿ ಆಗ್ತಿದೆ.

ಹಳೇ ಶಾಲೆಗಳ ಜಾಗ ಎಷ್ಟೋ ಕಡೆ ಬಾಯಿ ಮಾತಿನ ದಾನ. ಕೊಟ್ಟ ಹಿರಿಯರು ಹೋದ ಮೇಲೆ ಮೊಮ್ಮಕ್ಕಳು ಬೇಲಿ ಸರಿಸುತ್ತಾರೆ. ಖಾತೆ ಶಾಲೆ ಹೆಸರಿನಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಸರ್ವೆ ಮಾಡಿಸಿ, ದಾನಪತ್ರ ಮಾಡಿಸಿ, ಖಾತೆ ಮಾಡಿಸಿ. ಕೊಟ್ಟವರು ಬದುಕಿರುವಾಗಲೇ ಮಾಡಿ. ಹಳ್ಳಿ ಕಡೆ ಎಷ್ಟೋ ಶಾಲೆಗಳ ಕಾಂಪೌಂಡು ಉದ್ಯೋಗ ಖಾತರಿಯಲ್ಲೇ ಆಗಿದೆ.

ವಯಸ್ಸಿನ ದಾಖಲೆ, ಟಿಸಿ ಇಲ್ಲ ಅಂತ ಸೇರಿಸಿಕೊಳ್ಳಲಿಲ್ಲ.

ಹಾಗೆ ನಿರಾಕರಿಸುವಂತಿಲ್ಲ. ಮೊದಲು ಸೇರಿಸಿಕೊಳ್ಳಬೇಕು, ಕಾಗದ ಆಮೇಲೆ. ಇಟ್ಟಿಗೆ ಗೂಡಿಗೆ, ಕಬ್ಬು ಕಡಿಯಲು ಬಂದವರ ಮಕ್ಕಳಿಗೂ ಇದೇ ಹಕ್ಕು.

ಮಗುವಿಗೆ ಹೊಡೆದರೆ? ಅದಕ್ಕಿಂತ ಕೆಟ್ಟದ್ದು ಆದರೆ?

ಹೊಡೆಯುವುದು, ಅವಮಾನ ಮಾಡುವುದು ಎರಡೂ ಕಾಯ್ದೆಯಲ್ಲಿ ನಿಷೇಧ. "ನಾಲ್ಕು ಬಿಗೀರಿ ಮೇಷ್ಟ್ರೇ" ಅಂತ ನಾವೇ ಹೇಳಿ ಕಳಿಸುವುದನ್ನೂ ಬಿಡಬೇಕು. ಮೊದಲು ಹೆಡ್ ಮೇಷ್ಟ್ರ ಹತ್ತಿರ, ಸಮಿತಿಯಲ್ಲಿ ಹೇಳಿ. ಆಗದಿದ್ದರೆ ಬಿಇಒ, ಅಲ್ಲಿಂದ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ.

ಲೈಂಗಿಕ ಕಿರುಕುಳದ ವಿಷಯ ಬೇರೆ. ಅದನ್ನು ಸಮಿತಿ ಕೂತು ಪಂಚಾಯ್ತಿ ಮಾಡಬಾರದು. ಊರ ಮರ್ಯಾದೆ, ಶಾಲೆ ಮರ್ಯಾದೆ ಅನ್ನುವ ಮಾತೇ ಬರಬಾರದು. 2012ರ ಪೋಕ್ಸೊ ಕಾಯ್ದೆ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098. ಈ ನಂಬರನ್ನು ನಾವು ಪ್ರತಿ ಕ್ಲಾಸಿನ ಗೋಡೆ ಮೇಲೆ, ಮಕ್ಕಳ ಕಣ್ಣಿನ ಎತ್ತರಕ್ಕೆ ಬರೆಸಿದ್ದೇವೆ.

ಲೆಕ್ಕ ಕೇಳಿದರೆ ತೋರಿಸುವುದಿಲ್ಲ ಅಂತಾರೆ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಅಷ್ಟು ದೂರ ಹೋಗುವ ಮುಂಚೆ ಒಮ್ಮೆ ಸಭೆಯಲ್ಲಿ ಕೂತು ಕೇಳಿ ನೋಡಿ. ಎಷ್ಟೋ ಸಲ ಅಲ್ಲೇ ಸಿಗುತ್ತದೆ.

ನನಗೆ ಓದು ಬರಹ ಬರಲ್ಲ. ಸಮಿತಿಗೆ ಬಂದು ಏನು ಮಾಡಲಿ?

ನಮ್ಮ ಸಮಿತಿಯಲ್ಲಿ ಹೆಬ್ಬೆಟ್ಟು ಒತ್ತುವ ಒಬ್ಬ ಅಮ್ಮ ಇದ್ದಾರೆ. ಗಾರೆ ಕೆಲಸಕ್ಕೆ ಹೋಗುತ್ತಾರೆ. ಹೊಸ ಕೊಠಡಿ ಕಟ್ಟುವಾಗ ಗೋಡೆ ಮೇಲೆ ಉಗುರಿನಿಂದ ಕೆರೆದು "ಇದ್ಕೆ ಸಿಮೆಂಟ್ ಸಾಲ್ದು, ಕ್ಯೂರಿಂಗೂ ಮಾಡಿಲ್ಲ" ಅಂತ ಮೊದಲು ಹೇಳಿದವರು ಅವರೇ. ಗುತ್ತಿಗೆದಾರರು ಆ ಭಾಗವನ್ನು ಕೆಡವಿ ಮತ್ತೆ ಕಟ್ಟಿದರು. ನಡಾವಳಿಯನ್ನು ಗಟ್ಟಿಯಾಗಿ ಓದುವ ಪದ್ಧತಿ ಅವರಿಗೂ ಅನುಕೂಲ. ತಾವು ಹೇಳಿದ್ದು ಬರೆದಿದ್ದಾರಾ ಅಂತ ಅವರು ತಪ್ಪದೆ ಕೇಳುತ್ತಾರೆ.

ಕೂಲಿ ಬಿಟ್ಟು ಸಭೆಗೆ ಬರೋಕಾಗಲ್ಲ.

ಗೊತ್ತು. ಮೊದಲು ಸಭೆ ಬೆಳಿಗ್ಗೆ ಹನ್ನೊಂದಕ್ಕೆ ಇರುತ್ತಿತ್ತು, ಆರೇಳು ಜನ ಬರುತ್ತಿದ್ದರು. ಈಗ ತಿಂಗಳ ಎರಡನೇ ಶನಿವಾರ ಸಂಜೆ ಐದೂವರೆಗೆ, ನಲಿ–ಕಲಿ ಕೋಣೆಯಲ್ಲಿ. ಸದಸ್ಯರಲ್ಲದವರೂ ಬರಬಹುದು, ಮಕ್ಕಳನ್ನೂ ಕರೆತನ್ನಿ. ಏನಾದರೂ ಕೇಳುವುದಿದ್ದರೆ ಒಂದು ಚೀಟಿಯಲ್ಲಿ ಬರೆದು ಅಡುಗೆ ಮನೆ ಪಕ್ಕದ ಡಬ್ಬಿಗೆ ಹಾಕಿ. ಹೆಸರು ಬರೆಯಲೇಬೇಕು ಅಂತಿಲ್ಲ. ಡಬ್ಬಿಯ ಬೀಗದ ಕೈ ಆ ಹೆಬ್ಬೆಟ್ಟಿನ ಅಮ್ಮನ ಹತ್ತಿರ ಇದೆ, ಸಭೆಯಲ್ಲಿ ಎಲ್ಲರ ಮುಂದೆ ತೆಗೆಯುತ್ತೇವೆ.